ತಾಟುಗಳು ಸುಮ್ಮನಾದ ದಿನ

ಕಳೆದ ವಾರ ನಮ್ಮ ಅಡುಗೆಮನೆಯ ತಾಟುಗಳು ಸುಮ್ಮನಾದವು.

ನಗಬೇಡಿ. ಪೂರ್ತಿ ಕೇಳಿ.

ನಾನು ಬೇಸ್ ಗಿಟಾರ್ ಬಾರಿಸುವವನು ಅಂತ ಈ ಅಂಕಣ ಓದುವವರಿಗೆ ಗೊತ್ತು. (ಗೊತ್ತಿಲ್ಲದವರಿಗೆ: ದಪ್ಪ ತಂತಿಯ ಗಿಟಾರ್. ಆರ್ಕೆಸ್ಟ್ರಾದ ಫೋಟೋದಲ್ಲಿ ಅರ್ಧ ಮುಖ ಬಂದಿರುತ್ತದಲ್ಲ, ಅವನೇ ನಾನು.) ಅಣ್ಣಿಗೇರಿ, ನವಲಗುಂದ, ಕುಂದಗೋಳ ಕಡೆಯ ಎಷ್ಟೋ ಮದುವೆಗಳಲ್ಲಿ ಬಾರಿಸಿದ್ದೇನೆ. "ಬೇಸ್ ಭಾಳ ಛಲೋ ಇತ್ರಿ" ಅಂತ ಒಬ್ಬರಾದರೂ ಅಂದಿದ್ದಾರಾ? ಇಲ್ಲ. ಹಾಡುವವರಿಗೆ ಶಾಲು, ನಮಗೆ ಸ್ಪೀಕರ್ ಎತ್ತುವ ಕೆಲಸ.

ಬೇಸ್‌ನದು ಒಂದು ವಿಚಿತ್ರ ಸಂಕಟ. ಒಂಟಿಯಾಗಿ ಬಾರಿಸಿದರೆ ಯಾವ ಹಾಡು ಅಂತ ಯಾರಿಗೂ ಗುರುತು ಸಿಗುವುದಿಲ್ಲ. "ನೀರಿನ ಮೋಟರ್ ಕೆಟ್ಟೈತೇನ್ರಿ?" ಅಂತ ಬಾಜೂ ಮನೆಯವರು ಒಮ್ಮೆ ವಿಚಾರಿಸಿಕೊಂಡು ಹೋಗಿದ್ದರು.

ಗುರುತು ಹಿಡಿಯುತ್ತಿದ್ದವಳು ಒಬ್ಬಳೇ. ನನ್ನ ಹೆಂಡತಿ ಶಾಂತಾ. ಸಂಗೀತ ಕಲಿತವಳೇನಲ್ಲ. ನಡುಮನೆಯಲ್ಲಿ ನಾನು ದಪ್ಪ ತಂತಿ ಮೀಟಿದರೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ಸ್ಟೀಲ್ ತಾಟುಗಳು ಝರ್ರ್ ಅನ್ನುತ್ತಿದ್ದವು. ಒಂದೊಂದು ಹಾಡಿಗೆ ಒಂದೊಂದು ಥರ. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುವಳು.

"ಮತ್ತ ಆ ಮಳಿ ಹಾಡ ಚಾಲೂ ಮಾಡಿದ್ರೇನ್ರೀ? ತಾಟ ಬಿದ್ದು ನೆಗ್ಗಿದ್ರ ನೀವ ಹೊಸಾವು ತರಬೇಕ ನೋಡ್ರಿ!"

ಮಳೆ ಹಾಡೇ ಆಗಿರುತ್ತಿತ್ತು. ಒಮ್ಮೆಯೂ ತಪ್ಪಿದವಳಲ್ಲ.

ಶಾಂತಾ ಹೋಗಿ ಎರಡು ವರ್ಷವಾಯಿತು. ಈಗ ಆ ಸ್ಟ್ಯಾಂಡಿನಿಂದ ನಾನು ದಿನಾ ತೆಗೆಯುವುದು ಒಂದೇ ತಾಟು, ತೊಳೆದಿಡುವುದೂ ಅದನ್ನೇ. ಹುಬ್ಬಳ್ಳಿಯ ಮಗಳು ಫೋನ್ ಮಾಡಿದಾಗೆಲ್ಲ ಅದೇ ಮಾತು: "ಅಪ್ಪಾ, ಒಬ್ರು ಉಣ್ಣಾಕ ಅಷ್ಟ ತಾಟ ಯಾಕ? ಧೂಳ ತಿಂತಾವ. ರವಿವಾರ ಬಂದು ನಾನ ಕಟ್ಟಿ ಅಟ್ಟಕ್ಕ ಇಡ್ತೀನಿ." ನಾನು ಹೂಂ ಅಂದಿದ್ದೆ. ತಪ್ಪೇನಿದೆ ಅದರಲ್ಲಿ?

ಇಷ್ಟರಲ್ಲಿ ಮಕ್ತುಮ್ ಬಂದ. ನಮ್ಮ ಹಳೆಯ ಆರ್ಕೆಸ್ಟ್ರಾದ ಡ್ರಮ್ಮರ್, ಈಗ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುತ್ತಾನೆ. ನವಲಗುಂದದಲ್ಲಿ ಅವನ ತಂಗಿಯ ಮಗಳ ಮದುವೆ. "ಡಿಜೆ ಬ್ಯಾಡ ಅಂದಾರ. ಹಳೇ ಮಂದಿ ಕೂಡಿ ಬಾರಸೂಣು. ಆದ್ರ ನಿಂದು ಬರೇ ಗುಂಯ್ ಅಂತೈತಿ ಲೇ, ಒಂದ ಸ್ವರಾನೂ ತಿಳೀವಲ್ದು. ಹೊರಗಿನ ಪ್ರಿಆಂಪ್ ತರಸು, ಓವರ್‌ಡ್ರೈವ್ ಇರೂದು."

ತರಿಸಿದೆ. ಅಂಗೈಯಗಲದ ಡಬ್ಬಿ, ಮೇಲೆ ನಾಲ್ಕಾರು ಗುಂಡಿ. ಗಿಟಾರಿನ ಸದ್ದನ್ನು ಸ್ವಚ್ಛ ಮಾಡಿ, ಅದಕ್ಕೊಂದಿಷ್ಟು ಗರಗರ ಖಾರ ಬೆರೆಸಿ ಕೊಡುತ್ತದೆ. ಉತ್ಸಾಹದಲ್ಲಿ ಅದನ್ನು ಆಂಪಿನ, ಅಂದರೆ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಯ, ಮುಂದಿನ ತೂತಿಗೇ ಹಚ್ಚಿದೆ. ಅಬ್ಬಬ್ಬಾ! ರಾಡಿಯಲ್ಲಿ ಸಿಕ್ಕಿಬಿದ್ದ ಟ್ರ್ಯಾಕ್ಟರ್. ಆಂಪಿನೊಳಗೆ ಮೊದಲೇ ಒಂದು ಪ್ರಿಆಂಪ್ ಇರುತ್ತದಲ್ಲ, ಸಕ್ಕರೆ ಹಾಕಿದ ಚಹಾಕ್ಕೆ ಮತ್ತೆ ಸಕ್ಕರೆ ಸುರಿದಂತಾಗಿತ್ತು. ಮಕ್ತುಮ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅಲ್ಲಿಂದ ಕಿತ್ತು ಆಂಪಿನ ಹಿಂಬದಿಯ 'ರಿಟರ್ನ್' ತೂತಿಗೆ ಹಚ್ಚಿದೆ. ಒಳಗಿನದು ಬದಿಗೆ ಸರಿದು ಹೊಸದೊಂದೇ ಉಳಿಯಿತು. 'ಲೋ ಕಟ್' ಎಂಬ ಗುಂಡಿ ತಿರುಗಿಸಿ ತಳದ ಗುಂಯ್‌ಗುಡುವಿಕೆಯನ್ನೂ ಕತ್ತರಿಸಿದೆ.

ಮೀಟಿದೆ. ಏನು ಸದ್ದು ಮಾರಾಯರೆ! ಒಂದೊಂದು ಸ್ವರವೂ ಬಿಡಿಬಿಡಿ.

"ಏ, ಇದು ಆ ಮಳಿ ಹಾಡಲ್ಲೇನ್ಲೇ!" ಮಕ್ತುಮ್ ಕುಣಿದೇಬಿಟ್ಟ.

ಇಷ್ಟು ವರ್ಷಗಳಲ್ಲಿ ಮೊದಲ ಸಲ ಶಾಂತಾಳನ್ನು ಬಿಟ್ಟು ಬೇರೊಬ್ಬ ನನ್ನ ಬೇಸ್ ಕೇಳಿ ಹಾಡು ಗುರುತಿಸಿದ್ದ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಆದರೂ ಏನೋ ಕಮ್ಮಿ ಅನ್ನಿಸಿತು. ಮತ್ತೆ ಮೀಟಿದೆ. ಕಿವಿ ಅಡುಗೆಮನೆಯ ಕಡೆಗಿತ್ತು.

ತಾಟುಗಳು ಸುಮ್ಮನಿದ್ದವು.

ಗಿಟಾರ್ ಕೆಳಗಿಟ್ಟು ಒಳಗೆ ಹೋಗಿ ನೋಡಿದೆ. ಸಾಲಾಗಿ, ಸ್ವಚ್ಛವಾಗಿ, ಮಿಸುಕದೆ ನಿಂತಿದ್ದವು. ಅವನ್ನು ನಡುಗಿಸುತ್ತಿದ್ದುದು ತಳದ ಆ ಗುಂಯ್ ಸದ್ದೇ, ಅದನ್ನೇ ನಾನು ಕತ್ತರಿಸಿ ಹಾಕಿದ್ದೆ. ಅಯ್ಯೋ, ಇವತ್ತು ಶಾಂತಾಳಿಗೆ ಕೇಳಿಸಲೇ ಇಲ್ಲವಲ್ಲ ಅಂತ ಅನ್ನಿಸಿಬಿಟ್ಟಿತು. ಹುಚ್ಚು ಅನ್ನಿ. ಎರಡು ವರ್ಷ ಗಟ್ಟಿಯಾಗಿದ್ದವನು ಸ್ಟ್ಯಾಂಡ್ ಹಿಡಿದುಕೊಂಡು ಅತ್ತೆ.

ಮಕ್ತುಮ್ ಬಾಗಿಲಿಗೆ ಬಂದ. "ಯಾಕಲೇ, ಏನಾತು?"

"ತಾಟು ಝರ್ರ್ ಅನ್ನಲಿಲ್ಲೋ."

ಅವನಿಗೆ ಅರ್ಥವಾಯಿತು. ಶಾಂತಾಳ ರೊಟ್ಟಿ ಉಂಡವನು, ಬೈಗುಳವನ್ನೂ ತಿಂದವನು. ಅಂದ: "ಶಾಂತಾ ವೈನಿ ನನಗೂ ಬೈತಿದ್ರು. 'ಮಕ್ತುಮ್ ಅಣ್ಣಾ, ನೀವರ ಅವರಿಗೆ ಬುದ್ಧಿ ಹೇಳ್ರಿ' ಅಂತ." ಆಮೇಲೆ ತಾನೇ ಹೋಗಿ ಡಬ್ಬಿಯ ವೈರ್ ಕಿತ್ತು, ಗಿಟಾರನ್ನು ಮೊದಲಿನಂತೆ ನೇರವಾಗಿ ಆಂಪಿಗೆ ಹಚ್ಚಿದ. "ಬಾರಸು. ಇದು ಮದುವಿ ದಿನಕ್ಕಿರಲಿ."

ಬಾರಿಸಿದೆ. ಸದ್ದು ಮತ್ತೆ ರಾಡಿಯಾಯಿತು, ಹಾಡಿನ ಗುರುತು ಹತ್ತದಾಯಿತು. ಒಳಗೆ ತಾಟುಗಳು ಝರ್ರ್ ಅಂದವು. ಇಬ್ಬರೂ ಬಾಗಿಲ ಕಡೆ ನೋಡಿದೆವು. ಯಾರೂ ಬರಲಿಲ್ಲ.

ನಾಳೆ ರವಿವಾರ. ಮಗಳು ಬರುತ್ತಾಳೆ, ತಾಟು ಕಟ್ಟಲು ಹಳೆಯ ಸೀರೆಯನ್ನೂ ತರುತ್ತಾಳಂತೆ. ಒಬ್ಬನಿಗೆ ಒಂದೇ ತಾಟು ಸಾಕು ಅನ್ನುವುದು ಊಟಕ್ಕಷ್ಟೇ ನಿಜ ಅಂತ ಅವಳಿಗೆ ಯಾವ ಬಾಯಿಂದ ಹೇಳಲಿ?