ಮೂರಕ್ಕೊಂದು ತಟ್ಟೆ

"ಬಾಯಿಮಾತು ನಂಬಬೇಡಿ. ತಿಂದವರನ್ನ ಕೇಳಿದ್ರೆ 'ಚೆನ್ನಾಗಿತ್ತಮ್ಮ' ಅಂತ ಕೈ ತೊಳ್ಕೊಂಡು ಹೋಗ್ತಾರೆ. ತಟ್ಟೆಗೆ ಅಂಥ ದಾಕ್ಷಿಣ್ಯ ಇಲ್ಲ. ಚಟ್ನಿ ಹಾಗೇ ಬಿಟ್ಟಿದ್ರೆ ಉಪ್ಪು ಹೆಚ್ಚಾಗಿದೆ. ಅಂಚೆಲ್ಲ ಮುರ್ಕೊಂಡು ದೋಸೆ ನಡುಭಾಗ ಬಿಟ್ಟಿದ್ರೆ ಬೆಂದಿಲ್ಲ. ಅಕ್ಷರ ಬರಲ್ಲ ಅಂತ ನನ್ನ ನೋಡಿ ನಗ್ತಾರೆ. ಇಪ್ಪತ್ತೆರಡು ವರ್ಷದಿಂದ ದಿನಾ ಓದ್ತಾನೇ ಇದೀನಲ್ಲ, ಇನ್ನೇನು ಬೇಕು?"

ಹೀಗೆನ್ನುವ ತಟ್ಟೆಯಕ್ಕ ದೋಸೆ ಹೋಟೆಲಿನಲ್ಲಿ ಮೇಜು ಒರೆಸಿ ತಟ್ಟೆ ತೊಳೆಯುವವಳು. ಅಲ್ಲೇ ಕಾವಲಿಯ ಮುಂದೆ ನಿಲ್ಲುವವನು ಅವಳ ತಮ್ಮ. ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು ಅವಳೇ.

ಒಂದು ವಾರವೆಲ್ಲ ಗಿರಾಕಿಗಳು ದೋಸೆ ಹಸಿಹಸಿ ಎಂದು ಮುಖ ಸಿಂಡರಿಸಿದರು. ಹಿಟ್ಟು ದಪ್ಪವಾಯಿತೆಂದು ತಮ್ಮ ರುಬ್ಬುವವನ ಮೇಲೆ ಹರಿಹಾಯ್ದ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದ ರುಬ್ಬುವವನು. ಒಂದು ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಯಜಮಾನರು ಹೇಳಿಬಿಟ್ಟರು: "ನಾಳೆಯಿಂದ ಕಾವಲಿಗೆ ಬೇರೆಯವರು ಬರ್ತಾರೆ. ಇವತ್ತಿಗೆ ನಿನ್ನ ಕೆಲಸ ಮುಗೀತು."

ತಮ್ಮ ಸೌಟು ಹಿಡಿದು ಕಾವಲಿಯ ಮುಂದೆ ನಿಂತ. ತಟ್ಟೆಗಳು ಬೇರೆಯದೇ ಹೇಳುತ್ತಿವೆ ಎಂದು ಅಕ್ಕನಿಗೆ ಗೊತ್ತಿತ್ತು. ಆದರೆ ಬಾಯಿ ತೆರೆದರೆ ತಮ್ಮನ ಪರ ವಕಾಲತ್ತು ಎನ್ನುತ್ತಾರೆ. ತಮ್ಮ ಒಂದು ಸಲಕ್ಕೆ ಮೂರು ದೋಸೆ ಹುಯ್ಯುತ್ತಿದ್ದ, ಬಡಿಸುವವನು ಆ ಮೂರನ್ನೂ ಒಟ್ಟಿಗೇ ಒಯ್ಯುತ್ತಿದ್ದ. ಒಟ್ಟಿಗೆ ಹೋದ ಮೂರು ತಟ್ಟೆಗಳು ಮರಳಿ ಬಂದಾಗ ಅವಳು ತೊಳೆಯಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಮೂರು ಮೂರಾಗಿ ಜೋಡಿಸುತ್ತಾ ಹೋದಳು.

ತಿಂಡಿಯ ಗದ್ದಲ ಇಳಿದ ಮೇಲೆ ಯಜಮಾನರನ್ನು ಕರೆದಳು.

"ಏನಿದು, ತಟ್ಟೆಗಳ ಮೆರವಣಿಗೆ?"

"ಮೂರಕ್ಕೊಂದು ನೋಡಿ ಅಣ್ಣಾ. ಎರಡು ನೆಕ್ಕಿದ ಹಾಗಿವೆ, ಒಂದರಲ್ಲಿ ನಡುಭಾಗ ಉಳಿದಿದೆ. ಎಲ್ಲ ಸಾಲಲ್ಲೂ ಹಾಗೇ. ಹಿಟ್ಟು ಒಂದೇ, ಹುಯ್ದ ಕೈನೂ ಒಂದೇ. ಅವು ಕೆಟ್ಟಿದ್ರೆ ಮೂರೂ ಕೆಡಬೇಕಿತ್ತಲ್ವಾ?"

"ತಮ್ಮನ್ನ ಉಳಿಸೋಕೆ ನೀನೇ ತುಂಡು ಇಟ್ಟಿರ್ತೀಯ!"

"ಹಾಗಾದ್ರೆ ಹುಯ್ಸಿ ನೋಡಿ. ಕಣ್ಣಿದೆ, ಹಲ್ಲೂ ಇದೆ ನಿಮಗೆ."

ಮೂರು ದೋಸೆ ಹುಯ್ಯಿಸಿದರು. ಯಜಮಾನರು ಮೂರನ್ನೂ ಮುರಿದರು. ಎರಡು ಗರಿಗರಿ, ಗೋಡೆಯ ಕಡೆಯದು ಮೇಲೆ ಕೆಂಪಗಿದ್ದರೂ ಒಳಗೆ ಹಸಿ. ಕಾವಲಿ ಸರಿಸಿ ನೋಡಿದರೆ, ಚೆಲ್ಲಿದ ಹಿಟ್ಟು ಸುಟ್ಟು ಕರಿಕಾಗಿ ಗ್ಯಾಸ್ ಒಲೆಯ ಆ ಬದಿಯ ತೂತುಗಳೆಲ್ಲ ಮುಚ್ಚಿಹೋಗಿದ್ದವು. ಅಲ್ಲಿ ಉರಿಯೇ ಇರಲಿಲ್ಲ.

"ಹಿಟ್ಟಿನ ತಪ್ಪು ಅಂದ್ಕೊಂಡೆ ಅಕ್ಕಾ," ತಮ್ಮ ತಲೆ ಕೆರೆದುಕೊಂಡ. "ಬಣ್ಣ ಬರ್ಲಿ ಅಂತ ಅಲ್ಲಿ ಎಣ್ಣೆ ಜಾಸ್ತಿ ಹಾಕಿದೆ."

"ಚಿಕ್ಕವನಾಗಿದ್ದಾಗಲೂ ಅಷ್ಟೇ ಕಣೋ ನೀನು. ಲೆಕ್ಕ ತಪ್ಪಿದ್ರೆ ಬಳಪದ ಮೇಲೆ ಸಿಟ್ಟು! ಹೋಗು, ರುಬ್ಬೋನ ಹತ್ರ ತಪ್ಪಾಯ್ತು ಅನ್ನು."

ಯಜಮಾನರು ಅವನನ್ನು ತಡೆದರು. "ಮೊದ್ಲು ತಂತಿ ತಗೊಂಡು ತೂತು ಬಿಡಿಸೋ. ನಾಳೆ ಬರೋನಿಗೆ ಬರಬೇಡ ಅಂತ ಹೇಳ್ತೀನಿ." ಎರಡು ಹೆಜ್ಜೆ ಹೋದವರು ತಿರುಗಿ ಅವಳ ಕಡೆ ನೋಡಿದರು. "ಇನ್ಮೇಲೆ ತಟ್ಟೆ ಏನಾದ್ರೂ ಹೇಳಿದ್ರೆ ಅವತ್ತೇ ನನಗೂ ಹೇಳಮ್ಮ."

"ಕೇಳಿದ್ರೆ ತಾನೇ ಹೇಳೋದು," ಎಂದಳು ತಟ್ಟೆಯಕ್ಕ.

ಬೆಳಗಿನಿಂದ ಕಾದ ತಟ್ಟೆಗಳಲ್ಲಿ ದೋಸೆಯ ತುಂಡು ಒಣಗಿ ಕಲ್ಲಾಗಿತ್ತು. ಅವಳು ಅವನ್ನೆಲ್ಲ ತೊಟ್ಟಿಗೆ ಹಾಕಿ ಬಿಸಿನೀರು ಹುಯ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾರು ಹಿಡಿದು ಒಂದೊಂದೇ ಉಜ್ಜತೊಡಗಿದಳು.