ಬೆಲ್ಲದ ಬಂಡೆ

ದೆವ್ವ, ಶಕುನ ಅಂತ ಯಾರಾದರೂ ಬಾಯಿ ತೆರೆದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ಪಶುವೈದ್ಯೆ ನಾನು, ಕೊಯ್ದು ನೋಡಿದ್ದನ್ನಷ್ಟೇ ನಂಬುವ ಪೈಕಿ. ಈಗ ಅಂಥ ಮಾತು ಬಂದರೆ ಎದ್ದು ಅಡುಗೆಮನೆಗೆ ಹೋಗುತ್ತೇನೆ. ಯಾಕೆಂದು ಹೇಳಿಬಿಡುತ್ತೇನೆ, ನೀವು ನಂಬಲೇಬೇಕು ಅಂತೇನಿಲ್ಲ.

ನನ್ನ ಗಂಡನಿಗೆ ನೌಕಾಪಡೆಯಲ್ಲಿ ಕೆಲಸ. ಅವರ ಹಿಂದೆ ವಿಶಾಖಪಟ್ಟಣಕ್ಕೆ ಬಂದವಳು ಅರಣ್ಯ ಇಲಾಖೆಯಲ್ಲಿ ಗುತ್ತಿಗೆಯ ಮೇಲೆ ಸೇರಿಕೊಂಡೆ. ಅನಕಾಪಲ್ಲಿ ಆಚೆಯ ಗುಡ್ಡವೊಂದರಿಂದ ಕರಡಿಗಳು ಗೋಡಂಬಿ ತೋಟಕ್ಕೆ ಇಳಿಯುತ್ತಿದ್ದವು. ಜನರಿಗೂ ಗಾಯ, ಕರಡಿಗಳಿಗೂ ಗಾಯ. ನಾನು ಹೊಸಪೇಟೆ ಕಡೆಯವಳು. ನಮ್ಮಲ್ಲಿ ಕರಡಿಧಾಮದ ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುವುದನ್ನು ನೋಡಿಕೊಂಡೇ ಬೆಳೆದಿದ್ದೆ. ಇಲ್ಲೂ ಹಾಗೇ ಮಾಡೋಣ, ಮೇಲೇ ತಿನ್ನಲು ಸಿಕ್ಕರೆ ಕೆಳಗೆ ಯಾಕೆ ಬರುತ್ತವೆ ಅಂತ ರೇಂಜರ್ ಸಾಹೇಬರ ತಲೆ ತಿಂದು ಒಪ್ಪಿಸಿದೆ. ಅನಕಾಪಲ್ಲಿಯಲ್ಲಿ ಬೆಲ್ಲಕ್ಕೇನು ಬರವೇ?

ಆದರೆ ನಮ್ಮೂರ ಬಂಡೆಗಳ ಪಕ್ಕ ಆಲೆಮನೆಗಳಿರಲಿಲ್ಲ. ಇಲ್ಲಿ ಗುಡ್ಡದ ಬುಡದಲ್ಲೇ ಇದ್ದವು. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ ನೋಡಿ! ಬೆಲ್ಲದ ರುಚಿ ಹತ್ತಿದ ಹೆಣ್ಣು ಕರಡಿಯೊಂದು ವಾಸನೆ ಹಿಡಿದು ಹಾಡಹಗಲೇ ಆಲೆಮನೆಗೆ ನುಗ್ಗಿತು. ಜನ ಹೆದರಿ ಬಡಿಗೆ ಎತ್ತಿ ಬಡಿದರು. ಅವರನ್ನು ಬೈಯಲು ನನಗೆ ಯಾವ ಬಾಯಿದೆ? ನಾನು ಹೋಗಿ ಬೋನಿಗೆ ಹಾಕಿಸಿದೆ. ವಿಶಾಖಪಟ್ಟಣದ ದಾರಿಯಲ್ಲೇ ಸತ್ತಿತು. ಮೈ ತೊಳೆಯುವಾಗ ನನ್ನ ಕೈಗೆ ಹಾಲು ಹತ್ತಿತು.

ಎಲ್ಲೋ ಮರಿ ಇದೆ ಅಂತ ಅರ್ಥ. ಗಾರ್ಡುಗಳು ಆಲೆಮನೆಯ ಸುತ್ತಮುತ್ತ ಸಂಜೆವರೆಗೂ ಹುಡುಕಿದರು, ಸಿಗಲಿಲ್ಲ. ಮಾರನೇ ದಿನ ನಾನೇ ಗುಡ್ಡ ಹತ್ತಬೇಕಿತ್ತು. ಆದರೆ ಅಂದೇ ವಿಜಯವಾಡದಲ್ಲಿ ಮೀಟಿಂಗ್. ಬೆಲ್ಲದ ಯೋಜನೆಯದ್ದೂ ನನ್ನ ಕೆಲಸದ್ದೂ ಅಲ್ಲೇ ತೀರ್ಮಾನ. ರೈಲು ಹತ್ತಿದೆ.

ಗವರ್ನರ್‌ಪೇಟೆಯ ಲಾಡ್ಜಿನಲ್ಲಿ ಮಧ್ಯಾಹ್ನ ವರದಿ ಬರೆಯುತ್ತ ಕೂತಿದ್ದೆ. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಮರಿ ಇದೆಯೆಂದರೆ ನನ್ನ ತಪ್ಪು ಇನ್ನೂ ದೊಡ್ಡದಾಗುತ್ತದೆ. 'ಮರಿ ಇಲ್ಲ' ಎಂದು ಬರೆದೆ. ಸಿಕ್ಕಿಲ್ಲ ಎಂದಲ್ಲ, ಇಲ್ಲ ಎಂದೇ.

ಆಗ ಶುರುವಾಯಿತು, ಗುಂಯ್ ಅನ್ನುವ ಸದ್ದು. ಕರಡಿಮರಿ ತನ್ನ ಪಂಜವನ್ನೇ ಚೀಪುತ್ತ ಹಾಗೆ ಸದ್ದು ಮಾಡುತ್ತದೆ. ಬಾಟಲಿ ಹಾಲು ಕುಡಿಸಿ ಮರಿ ಸಾಕಿದವಳು ನಾನು, ನನಗೆ ಗುರುತು ಸಿಗದೇ ಇರುತ್ತದೆಯೇ? ಮಂಚದ ಕೆಳಗೆ ನೋಡಿದೆ, ಬಚ್ಚಲಲ್ಲಿ ನೋಡಿದೆ. ಏನೂ ಇರಲಿಲ್ಲ. ನಿದ್ದೆಗೆಟ್ಟ ತಲೆ, ಭ್ರಮೆ ಅಂದುಕೊಂಡೆ.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಪಕ್ಕದ ರೂಮಿನ ಮುದುಕಿ. ಮುಂಚೆ ಅವರನ್ನು ಕಂಡವಳಲ್ಲ. ಮೆತ್ತಗೆ ತೆಲುಗಿನಲ್ಲಿ ಹೇಳಿದರು: "ಎಷ್ಟೊತ್ತಿಂದ ನರಳ್ತಾ ಇದೆಯಮ್ಮಾ ಕೂಸು. ಹಸಿವಿರಬೇಕು, ಹಾಲು ಕೊಡು."

ಮೂರು ಗಂಟೆಗೆ ಬೆಂಜ್ ಸರ್ಕಲ್ ಹತ್ತಿರದ ಆಫೀಸಿನಲ್ಲಿ ವರದಿ ಓದಿದೆ. ಯೋಜನೆ ನಿಂತಿತು, ನನ್ನ ಕೆಲಸ ಉಳಿಯಿತು.

ಮಾರನೇ ದಿನ ಗುಡ್ಡ ಹತ್ತಿದೆವು. ನಾವು ಬೆಲ್ಲ ಬಳಿಯುತ್ತಿದ್ದ ಬಂಡೆಯ ಕೆಳಗಿನ ಪೊಟರೆಯಲ್ಲೇ ಮರಿ ಇತ್ತು. ಮುಂಗಾಲು ಇನ್ನೂ ಬಾಯಲ್ಲೇ ಇತ್ತು. ನಾನೇ ಕೊಯ್ದು ನೋಡಿದೆ. ಹೊಟ್ಟೆ ಖಾಲಿ. ಸತ್ತದ್ದು ಹಿಂದಿನ ರಾತ್ರಿ, ಅದಕ್ಕೂ ಮುಂಚೆ ಅಲ್ಲ. ಅಂದರೆ ನಾನು ಲಾಡ್ಜಿನಲ್ಲಿ ಕೂತಿದ್ದಾಗ ಅದಿನ್ನೂ ಬದುಕಿತ್ತು.

ನನ್ನ ಕಿವಿಗೆ ಕೇಳಿದ್ದಕ್ಕೆ ಕಾರಣ ಕೊಡಬಲ್ಲೆ, ಪಾಪಪ್ರಜ್ಞೆ ಅನ್ನಿ. ಆ ಮುದುಕಿಗೆ ಹೇಗೆ ಕೇಳಿಸಿತು? ಇಷ್ಟು ವರ್ಷವಾದರೂ ನನ್ನಲ್ಲಿ ಉತ್ತರವಿಲ್ಲ. ಆದರೆ ನಾನು ಅವರಿಗೆ ಕೊಟ್ಟ ಉತ್ತರ ಮಾತ್ರ ಚೆನ್ನಾಗಿ ನೆನಪಿದೆ. "ಆಯ್ತಮ್ಮಾ, ಈಗಲೇ ಕೊಡ್ತೀನಿ" ಅಂದು ಬಾಗಿಲು ಹಾಕಿಕೊಂಡಿದ್ದೆ.