ಲಕ್ಷ್ಮಿಗೆ ಮುಚ್ಚಿದ ಬಾಗಿಲು

ಇವತ್ತು ಬೆಳಿಗ್ಗೆ ನನ್ನ ಮಗನಿಗೆ ಹೆಣ್ಣುಮಗು ಹುಟ್ಟಿತು. ನಾನು ಅಜ್ಜಿಯಾದೆ — ಮೂರನೇ ಕ್ಲಾಸಿಗೇ ಓದು ಬಿಟ್ಟ ಕೈ ಇದು, ಸಂತೋಷಕ್ಕೆ ಅಕ್ಷರ ಸಾಲಿನಲ್ಲಿ ನಿಲ್ಲುತ್ತಿಲ್ಲ. ಇದೇ ಕೈ ಇನ್ನೊಂದನ್ನೂ ಬರೆಯಬೇಕು. ಹನ್ನೆರಡು ವರ್ಷದ ಹಿಂದೆ ನಮ್ಮ ಮನೆಯ ರೇಷ್ಮೆಹುಳುಗಳನ್ನು ಕೊಂದವಳು ನಾನು. ಹೊರಿಸಿದ್ದು ನನ್ನ ಮೈದುನನ ಹೆಂಡತಿ ಲಕ್ಷ್ಮಿಯ ಮೇಲೆ.

ನಮ್ಮದು ಕೆರೆಯ ನಡುಗಡ್ಡೆ, ಏಳೇ ಮನೆ. ಕೆರೆ ತುಂಬಿದರೆ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವುದಕ್ಕೂ ತೆಪ್ಪ, ತವರಿಗೆ ಹೋಗುವುದಕ್ಕೂ ತೆಪ್ಪ. ಸುತ್ತ ನೀರು, ಒಂದೇ ಅಂಗಳ, ಅವೇ ಮುಖಗಳು — ಮನಸ್ಸು ಕೆಟ್ಟರೆ ಎದ್ದು ಹೋಗಲು ಜಾಗವಿಲ್ಲ.

ಹುಳು ಸಾಕುವ ತಿಂಗಳು ಮನೆಯಲ್ಲಿ ಹೊಗೆಸೊಪ್ಪು ಇರಬಾರದು. ತಗುಲಿದರೆ ಹುಳು ಉಳಿಯುವುದಿಲ್ಲ. ಮುಟ್ಟಾದ ಹೆಂಗಸು ಹುಳುವಿನ ಕೋಣೆಗೆ ಕಾಲಿಡಬಾರದು. ನನಗೋ ಹೊಗೆಸೊಪ್ಪಿಲ್ಲದೆ ಎಲೆಯಡಿಕೆ ಸೇರದು. ಸೆರಗಿನ ಗಂಟಿನಲ್ಲಿ ಬಚ್ಚಿಟ್ಟುಕೊಂಡಿದ್ದೆ. ಹುಳುಗಳು ಕೊನೆಯ ಪೊರೆ ಬಿಟ್ಟು ಹಸಿದು ಎದ್ದಿದ್ದವು. ಹೊಗೆಸೊಪ್ಪು ತಿಕ್ಕಿದ ಕೈಯಲ್ಲೇ ಹಿಪ್ಪುನೇರಳೆ ಸೊಪ್ಪು ಹರಡಿದೆ. ಕೈ ತೊಳೆಯಬೇಕಿತ್ತು — ತೊಳೆಯಲಿಲ್ಲ. ಸಂಜೆಯೊಳಗೆ ತಟ್ಟೆತಟ್ಟೆಯ ಹುಳುಗಳೂ ತಲೆಯೆತ್ತಿ ಒದ್ದಾಡಿ, ಹಸಿರು ನೀರು ಕಕ್ಕಿ ಸತ್ತವು.

ಯಾರು ಕೆಡಿಸಿದ್ದು ಎಂದು ಅತ್ತೆ ಎಲ್ಲರನ್ನೂ ನಿಲ್ಲಿಸಿ ಕೇಳಿದರು. ಲಕ್ಷ್ಮಿ ಆಗ ಮುಟ್ಟಾಗಿ ಹೊರಗೆ ಕೂತಿದ್ದಳು, ಮೂರನೇ ದಿನ. ನನ್ನ ನಾಲಿಗೆ ತಾನಾಗಿಯೇ — ಇಲ್ಲ, ತಾನಾಗಿ ಅಲ್ಲ. ನಾನೇ ಆಡಿಸಿದೆ.

"ಲಕ್ಷ್ಮಿ ಒಳಗ್ ಬಂದಿದ್ಲು ಅತ್ತೆ. ನಾನೇ ನೋಡ್ದೆ."

ಬರಲಿಲ್ಲ ಎಂದು ಅವಳು ಅತ್ತಳು. ಮದುವೆಯಾಗಿ ಬಂದು ವರ್ಷ ತುಂಬದ ಹುಡುಗಿ — ಯಾರು ನಂಬುತ್ತಾರೆ? ಅಂದಿನಿಂದ ಅವಳಿಗೆ ಹುಳುವಿನ ಕೋಣೆ ಇಲ್ಲ. ಹುಳುವಿಗೂ ಹಸುಗೂಸಿಗೂ ನಮ್ಮಲ್ಲಿ ಒಂದೇ ಮಡಿ, ಹಾಗಾಗಿ ಬಾಣಂತಿ ಕೋಣೆಯೂ ಇಲ್ಲ. ಹನ್ನೆರಡು ವರ್ಷ ಬಾಗಿಲಾಚೆ ಕೂತು ಸೊಪ್ಪು ಹೆಚ್ಚಿಕೊಟ್ಟಳು. ನಾನು ಬಾಗಿಲೊಳಗೆ. ಎಲ್ಲಿ ತಿರುಗಿದರೂ ಅವಳ ಬೆನ್ನು. ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ — ಹೇಳಿದ ಮೇಲೆ ಈ ಏಳು ಮನೆಯಲ್ಲಿ ಎಲ್ಲಿ ಮುಖ ಇಡಲಿ...

ಸೊಸೆಗೆ ತಾಯಿಯಿಲ್ಲ, ಇವತ್ತಿನ ಹೆರಿಗೆ ನಮ್ಮಲ್ಲೇ ಆಯಿತು. ಕೂಸು ನನ್ನ ಕೈಯಲ್ಲಿತ್ತು. ನನಗೋ ನಗು, ಅಳು, ಎರಡೂ. ಲಕ್ಷ್ಮಿ ಬಿಸಿನೀರಿನ ಬಿಂದಿಗೆಯನ್ನು ಹೊಸ್ತಿಲ ತನಕ ತಂದಳು.

"ಅಲ್ಲೇ ಇಟ್ಟು ಹೋಗಮ್ಮ," ಅಂದರು ಅತ್ತೆ. "ಹುಳದ್ ಗತಿ ಕೂಸಿಗ್ ಬ್ಯಾಡ."

ಅವಳು ಬಿಂದಿಗೆ ಇಟ್ಟು ತಿರುಗಿದಳು, ರೂಢಿಯಾದವಳ ಹಾಗೆ. ಆ ರೂಢಿ ನನ್ನದು, ನಾನು ಮಾಡಿಸಿದ್ದು.

"ಅತ್ತೆ, ಹುಳ ಸಾಯ್ಸಿದ್ದು ನಾನು," ಅಂದೆ. "ಹೊಗೆಸೊಪ್ಪಿನ್ ಕೈಲಿ ಸೊಪ್ಪು ಹಾಕ್ದೆ. ಲಕ್ಷ್ಮಿ ಒಳಗ್ ಬಂದೇ ಇರ್ಲಿಲ್ಲ."

ಅತ್ತೆ ಬಾಗಿಲು ಬಿಟ್ಟು ಸರಿದರು. ಲಕ್ಷ್ಮಿ ಹಿಂದಿರುಗಿ ಹೊಸ್ತಿಲು ದಾಟಿ ಎರಡೂ ಕೈ ಚಾಚಿದಳು.

"ಮಗೂನ ಕೊಡಕ್ಕ. ನೀರ್ ಆರೋಗ್ತದೆ."

ಅಷ್ಟೇ. ಕ್ಷಮಿಸಿದೆ ಅನ್ನಲಿಲ್ಲ, ನಾನು ಕೇಳಲೂ ಇಲ್ಲ.

ಸಂಜೆ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು — ಮುದ್ದೆ, ಅವರೆಕಾಳು ಸಾರು, ಬೆಲ್ಲದ ಪಾಯಸ. ಬಡಿಸಿದವಳು ಲಕ್ಷ್ಮಿ. ನನ್ನ ತಟ್ಟೆಯನ್ನು ದಾಟಿ ಮುಂದೆ ಹೋದಳು. ನಾನೇ ಎದ್ದು ಬಡಿಸಿಕೊಂಡು, ಮತ್ತೆ ಅದೇ ಸಾಲಿನಲ್ಲಿ ಕೂತು ಉಂಡೆ.